ಬದುವಿಗೆ ಲಾವಂಚ: ಯಾವ ಸಸಿ ಕೊಂಡರೆ ಲಾಭ, ಯಾವುದು ದುಡ್ಡು ದಂಡ

ಲಾವಂಚ ಎಂದರೆ ಕಂಪಿನ ಬೇರಿನ ಹುಲ್ಲು; ಇಳಿಜಾರಿಗೆ ಅಡ್ಡವಾಗಿ ಒತ್ತಾಗಿ ಸಾಲು ನೆಟ್ಟರೆ ಅದೇ ಮಣ್ಣು ತಡೆಯುವ ಬೇಲಿ, ಅದೇ ಬದು. ನರ್ಸರಿಗಳಲ್ಲಿ ಇದು ಎರಡು ಬಗೆಯಲ್ಲಿ ಸಿಗುತ್ತದೆ: ಪಾಲಿಥಿನ್ ಚೀಲದ ಸಸಿ, ಮಣ್ಣು ಕೊಡವಿದ ಬರಿಬೇರಿನ ತೆಂಡೆ, ಅಂದರೆ ಬುಡದಿಂದ ಬಿಡಿಸಿದ ಕವಲು. ಇಡೀ ಸಾಲು ನೆಡುವವರಿಗೆ ತೆಂಡೆಯೇ ಸರಿ. ಚೀಲದ್ದನ್ನು ತಂದರೆ ಗಾಡಿ ಬಾಡಿಗೆ ಕೊಟ್ಟು ಮಣ್ಣು ಹೊತ್ತಂತೆ.

ಎಷ್ಟು ಬೇಕು? ಶೇ. 5ರ ಇಳಿಜಾರಿನಲ್ಲಿ 1 ಮೀಟರ್ ಇಳಿತಕ್ಕೊಂದು ಸಾಲು ಎಂದರೆ ಸಾಲುಗಳ ಅಂತರ 20 ಮೀಟರ್, ಎಕರೆಗೆ ಸುಮಾರು 200 ಮೀಟರ್ ಉದ್ದ. 15 ಸೆಂ.ಮೀ.ಗೊಂದು ಗುಣಿ, ಗುಣಿಗೆ 3 ತೆಂಡೆ. ಒಟ್ಟು 4,000. ಖರ್ಚು ಹೆಚ್ಚಾಯಿತೆಂದು 30 ಸೆಂ.ಮೀ.ಗೆ ಒಂದರಂತೆ ನೆಟ್ಟರೆ ಬೇಲಿಯೇ ಕೂಡಿಕೊಳ್ಳುವುದಿಲ್ಲ. ಸಂದಿಯಲ್ಲಿ ನುಗ್ಗಿದ ನೀರು ಅಲ್ಲೇ ಕೊರಕಲು ತೆಗೆಯುತ್ತದೆ. ಒಂದೇ ಸಲಕ್ಕೆ ಕೊಳ್ಳಲಾಗದಿದ್ದರೆ ಮೇಲಿನ ಒಂದು ಸಾಲನ್ನು ಒತ್ತಾಗಿ ಮುಗಿಸಿ, ಉಳಿದದ್ದಕ್ಕೆ ಮನೆಯಲ್ಲೇ ಸಸಿಮಡಿ ಮಾಡಿಕೊಳ್ಳಿ.

ಕೊಳ್ಳುವಾಗ ತೆಂಡೆಯ ಬುಡ ಹಿಂಡಿ ನೋಡಿ, ಗಟ್ಟಿಯಿರಬೇಕು. ನಡುವಿನ ಎಲೆ ಎಳೆದ ಕೂಡಲೇ ಕಿತ್ತುಬಂದರೆ ಒಳಗೆ ಕೊಳೆತಿದೆ. ಬೀಜ ಕಟ್ಟದ ದಕ್ಷಿಣ ಭಾರತದ ಬಗೆಯನ್ನೇ ಕೇಳಿ; ಬೀಜ ಉದುರಿಸುವ ಉತ್ತರ ಭಾರತದ ಬಗೆ ಹೊಲಕ್ಕೆ ಹಬ್ಬಬಹುದು. ಎಣ್ಣೆಗೆಂದು ಬೆಳೆಸಿದ ತಳಿಗೆ ಹೆಚ್ಚು ಬೆಲೆ ಹೇಳಿದರೆ ಬಿಡಿ, ಬದುವಿಗೆ ಅದರ ಗರಜಿಲ್ಲ.

ನೆಡುವುದು ಮುಂಗಾರು ಹಿಡಿದು ನೆಲ ಚೆನ್ನಾಗಿ ನೆನೆದ ಮೇಲೆ. ಎಲೆಯನ್ನು 20 ಸೆಂ.ಮೀ.ಗೂ ಬೇರನ್ನು 10 ಸೆಂ.ಮೀ.ಗೂ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟುಕೊಂಡು ನೆಡಿ. ಬಿಸಿಲಿಗೆ ಬಿದ್ದ ಬೇರು ಬೇಗ ಒಣಗುತ್ತದೆ. ಸಾಲು ಕಣ್ಣಂದಾಜಿನಲ್ಲಿ ಎಳೆಯಬೇಡಿ. ಗಾರೆ ಕೆಲಸದವರ ಲೆವೆಲ್ ಪೈಪಿನಿಂದ ಸಮಮಟ್ಟ ಗುರುತಿಸಿ, ಎರಡೂ ತುದಿಯನ್ನು ತುಸು ಮೇಲಕ್ಕೆ ತಿರುಗಿಸಿ. ಇಲ್ಲವಾದರೆ ನೀರು ಬೇಲಿಗುಂಟ ಹರಿದು ತಗ್ಗಿನ ತುದಿಯಲ್ಲಿ ಪಾರಾಗುತ್ತದೆ. ಸರಿಯಾಗಿ ಕೂತ ಸಾಲು ನೀರನ್ನು ಕಟ್ಟಿಹಾಕುವುದಿಲ್ಲ, ನಿಧಾನಿಸಿ ಸೋಸಿ ಬಿಡುತ್ತದೆ. ಮೆಕ್ಕಲು ಮೇಲ್ಬದಿಯಲ್ಲಿ ಕೂತು ವರ್ಷದಿಂದ ವರ್ಷಕ್ಕೆ ನೆಲ ತಾನೇ ಮಟ್ಟವಾಗುತ್ತದೆ.

ಮೊದಲ ವರ್ಷ ಕಳೆ ತೆಗೆಯಬೇಕು, ದನ ಕಾಯಬೇಕು. ಎಳೆ ಎಲೆಯನ್ನು ಅವು ಬಿಡುವುದಿಲ್ಲ. ಒತ್ತು ನೆರಳಿನಲ್ಲಿ, ಹಳೇ ಮರದಡಿ, ಇದು ಸೊರಗುತ್ತದೆ, ಅಲ್ಲಿ ಹಾಕಿ ಪ್ರಯೋಜನವಿಲ್ಲ. ಬೆಳೆದ ಮೇಲೆ ವರ್ಷಕ್ಕೆ ಎರಡು ಮೂರು ಸಲ 40 ಸೆಂ.ಮೀ.ಗೆ ಸವರಿದರೆ ತೆಂಡೆ ಹೆಚ್ಚುತ್ತದೆ, ಕತ್ತರಿಸಿದ್ದು ಹೊದಿಕೆಗಾಯಿತು. ಗುಂಡ್ಲುಪೇಟೆ ಸೀಮೆಯಲ್ಲಿ ಹೊಲದ ಎಲ್ಲೆಗೆ ಲಾವಂಚ ಹಾಕುವುದು ಹಳೇ ರೂಢಿ. ಅಲ್ಲಿ ಉಳುವಾಗ ನೇಗಿಲನ್ನು ಸಾಲಿನ ಅಂಚಿಗೇ ತಾಗಿಸಿ ಅಗಲ ಹೆಚ್ಚದಂತೆ ನೋಡಿಕೊಳ್ಳುತ್ತಾರೆ.

ಇನ್ನು ಬೇರು ಮಾರಿ ಕಾಸು ಮಾಡಬಹುದೆಂದು ಮಾರುವವರು ಹೇಳುವ ಮಾತು. ಬೇರು ಬೇಕಾದರೆ ಬುಡವನ್ನೇ ಅಗೆಯಬೇಕು, ಅಗೆದರೆ ಬದು ಹೋಯಿತು. ಬೇರಿನ ಆಸೆಯಿದ್ದವರು ಬೇರೆ ಮಡಿ ಮಾಡಲಿ.

ಚೀಲದ ಸಸಿ ಪೂರಾ ದಂಡವೇನಲ್ಲ. ನೆಟ್ಟ ತಿಂಗಳೊಪ್ಪತ್ತಿನಲ್ಲಿ ಸತ್ತ ಗುಣಿಗಳನ್ನು ತುಂಬಲು ಅದೇ ವಾಸಿ, ಬೇಗ ಹಿಡಿಯುತ್ತದೆ. ಆ ಲೆಕ್ಕಕ್ಕೆ ನೂರಿನ್ನೂರು ತಂದಿಟ್ಟುಕೊಳ್ಳಿ.