ಹಡಗಿನಲ್ಲಿ ಸಂಭ್ರಮಕ್ಕೊಂದು ಬಾಟಲಿ: ಸೂಟ್‌ಕೇಸಿನದೋ, ಡ್ಯೂಟಿ ಫ್ರೀಯದೋ, ಹಡಗಿನ ಬಾರಿನದೋ?

ಮೊದಲೇ ಹೇಳಿಬಿಡುತ್ತೇನೆ. ಕ್ರೂಸ್‌ಗೆ ಹೋಗಿ ಏನಾದರೂ ಆಚರಿಸುವ ಯೋಚನೆ ಇದ್ದರೆ, ವಿಮಾನ ಇಳಿದ ಕಡೆ ಡ್ಯೂಟಿ ಫ್ರೀ ಅಂಗಡಿಯಲ್ಲಿ ಒಂದು ಶಾಂಪೇನ್ ತಗೊಳ್ಳಿ, ಅದನ್ನು ಕೈಯಲ್ಲೇ ಹಿಡಿದು ಹಡಗು ಹತ್ತಿ. ಮಿಕ್ಕ ದಾರಿಗಳನ್ನೆಲ್ಲ ನಾವು ಒಂದೇ ಟ್ರಿಪ್ಪಿನಲ್ಲಿ ನೋಡಿ ಮುಗಿಸಿದ್ದೇವೆ. ಒಂದರಲ್ಲಿ ದುಡ್ಡು ಹೋಯಿತು, ಒಂದರಲ್ಲಿ ಮಾನ ಹೋಯಿತು.

ಅಪ್ಪ-ಅಮ್ಮನ ಮದುವೆಗೆ 40 ವರ್ಷ ತುಂಬಿತ್ತು. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ನಮ್ಮ ತೋಟ. ಕಾಫಿ ತೋಟದವರಿಗೆ ರಜೆ ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಅರೇಬಿಕಾ ಕೊಯ್ಲು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಅದು ಮುಗಿದರೆ ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುತ್ತಾ ಕೂರಬೇಕು. ಹೂಮಳೆ ಬಿದ್ದು, ಆ ಹೂ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಯೂ ಬಂದ ಮೇಲೆ ಅಪ್ಪ ‘ಈಗ ಬೇಕಾದ್ರೆ ಹೋಗಣ’ ಅಂದರು. ಅಪ್ಪ, ಅಮ್ಮ, ನಾನು, ನನ್ನ ಗಂಡ. ಸಿಂಗಾಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಲಂಗ್ಕಾವಿ ನೋಡಿ ವಾಪಸ್ ಬರುವ 4 ರಾತ್ರಿಯ ಹಡಗು.

ನಮ್ಮ ಹಡಗಿನ ನಿಯಮ ಹೀಗಿತ್ತು: ದೊಡ್ಡವರಿಗೆ ತಲಾ ಒಂದು ಬಾಟಲಿ ವೈನ್ ಅಥವಾ ಶಾಂಪೇನ್, 750 ಎಂ.ಎಲ್. ಮಾತ್ರ, ಸೀಲ್ ಒಡೆದಿರಬಾರದು, ಹತ್ತುವ ದಿನ ಕೈಚೀಲದಲ್ಲೇ ತರಬೇಕು. ವಿಸ್ಕಿ, ರಮ್ ಇಲ್ಲ. ಎಲ್ಲ ಕಂಪನಿಯದೂ ಒಂದೇ ಲೆಕ್ಕ ಅಲ್ಲ. ನಾರ್ವೇಜಿಯನ್‌ನವರು ವೈನ್ ಎಷ್ಟಾದರೂ ತನ್ನಿ, ಬಾಟಲಿಗಿಷ್ಟು ಅಂತ ಕಾರ್ಕೇಜ್ (ಹೊರಗಿನ ಬಾಟಲಿಗೆ ಹಾಕುವ ಶುಲ್ಕ) ಕಟ್ಟಿ ಅನ್ನುತ್ತಾರೆ. ಎಂಎಸ್‌ಸಿಯವರು ಹೊರಗಿನದು ಒಂದೂ ಬೇಡ ಅನ್ನುತ್ತಾರೆ. ಆದ್ದರಿಂದ ನಿಮ್ಮ ಹಡಗಿನ ಆ ಒಂದು ಪುಟವನ್ನು ಓದಿ. ನಾನೂ ಓದಿದ್ದೆ. ‘ಕೈಚೀಲದಲ್ಲೇ’ ಅನ್ನುವ ಪದದ ಮೇಲೆ ಮಾತ್ರ ಕಣ್ಣು ಜಾರಿತ್ತು.

ನಾಲ್ಕು ಜನ, ನಾಲ್ಕು ಬಾಟಲಿ ಅಂತ ನನ್ನ ಲೆಕ್ಕ. ಮೊದಲನೆಯದು ದೊಡ್ಡಮ್ಮ ಮಾಡಿದ ಪ್ಯಾಷನ್ ಫ್ರೂಟ್ ವೈನ್. ನಮ್ಮ ಕಡೆ ಇದೆಲ್ಲ ಗೊತ್ತಿದ್ದದ್ದೇ. ದ್ರಾಕ್ಷಿ, ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆ, ಕೈಗೆ ಸಿಕ್ಕಿದ್ದಕ್ಕೆಲ್ಲ ಸಕ್ಕರೆ, ಈಸ್ಟ್ ಹಾಕಿ ಭರಣಿಯಲ್ಲಿ ಇಡುವವರು ನಾವು. ಅಮ್ಮ ಬೇರೆ ಏನೂ ಮುಟ್ಟುವುದಿಲ್ಲ, ಅಕ್ಕನ ವೈನ್ ಮಾತ್ರ ‘ಅದು ಕುಡಿಯೋದಲ್ಲ, ಔಷಧಿ’ ಅಂತ ಅರ್ಧ ಲೋಟ ತಗೊಳ್ಳುತ್ತಾರೆ. ಎರಡನೆಯದು ಚಿಕ್ಕಮಗಳೂರಿನಲ್ಲೇ ತಗೊಂಡ ನಾಸಿಕ್‌ನ ಸ್ಪಾರ್ಕ್ಲಿಂಗ್ ವೈನ್. 2 ಸಾವಿರದೊಳಗೆ ಬಂತು. ಅದನ್ನು ಶಾಂಪೇನ್ ಅನ್ನುವಂತಿಲ್ಲ. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ಆದದ್ದಕ್ಕೆ ಮಾತ್ರ ಆ ಹೆಸರು. ಗುಳ್ಳೆ ಎರಡರಲ್ಲೂ ಬರುತ್ತದೆ. ಮೂರನೆಯದು ಸಿಂಗಾಪುರದ ಡ್ಯೂಟಿ ಫ್ರೀಯಲ್ಲಿ ತಗೊಳ್ಳಬೇಕಿದ್ದ ನಿಜವಾದ ಶಾಂಪೇನ್. ನಾಲ್ಕನೆಯದನ್ನು ಗಂಡ ಲಂಗ್ಕಾವಿಯಲ್ಲಿ ನೋಡಿಕೊಳ್ಳುತ್ತೇನೆ ಅಂದ.

ಮೊದಲಿನ ಎರಡು ಅಮ್ಮನ ಕೆಂಪು ಸೂಟ್‌ಕೇಸಿಗೆ ಹೋದವು. ವಿಮಾನದ ಕೈಚೀಲದಲ್ಲಿ 100 ಎಂ.ಎಲ್. ಮೀರಿದ ದ್ರವ ಬಿಡುವುದಿಲ್ಲವಲ್ಲ, ಬೇರೆ ದಾರಿ ಇರಲಿಲ್ಲ. ಎರಡನ್ನೂ ಅಪ್ಪನ ಪಂಚೆಯಲ್ಲಿ ಸುತ್ತಿ, ಸುತ್ತ ಅಮ್ಮನ ಮೈಸೂರು ಸಿಲ್ಕ್ ಸೀರೆ, ಅಪ್ಪನ ಕೋಟು ಇಟ್ಟು ಹದವಾಗಿ ಪ್ಯಾಕ್ ಮಾಡಿದೆ. ಒಂದೂ ಒಡೆಯಲಿಲ್ಲ, ಒಂದು ಹನಿಯೂ ಸೋರಲಿಲ್ಲ. ವಿಮಾನದ ಮಟ್ಟಿಗೆ ನೂರಕ್ಕೆ ನೂರು.

ಎಡವಿದ್ದು ಹಡಗಿನ ಬಾಗಿಲಲ್ಲಿ. ಮರೀನಾ ಬೇ ಕ್ರೂಸ್ ಸೆಂಟರಿನಲ್ಲಿ ಟ್ಯಾಕ್ಸಿ ಇಳಿದ ಮೇಲೆ ದೊಡ್ಡ ಸೂಟ್‌ಕೇಸುಗಳನ್ನು ಅವರಿಗೇ ಕೊಟ್ಟುಬಿಡಬೇಕು. ರೂಮ್ ನಂಬರ್ ಬರೆದ ಚೀಟಿ ಕಟ್ಟಿ ಕಳಿಸುತ್ತಾರೆ, ಸಂಜೆಯೊಳಗೆ ರೂಮಿನ ಬಾಗಿಲಿಗೆ ಬಂದಿರುತ್ತದೆ. ಅಲ್ಲಿ ನಾನು ಎರಡು ನಿಮಿಷ ಕೂತು ಕೆಂಪು ಸೂಟ್‌ಕೇಸ್ ಬಿಚ್ಚಿ ಬಾಟಲಿಗಳನ್ನು ಕೈಗೆ ತಗೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದ ಸುಸ್ತು. ಚೀಟಿ ಕಟ್ಟಿ, ತಳ್ಳಿ, ಮುಂದೆ ಹೋದೆವು.

ಮೂರು ಸೂಟ್‌ಕೇಸ್ 4 ಗಂಟೆಗೆ ಬಂದವು. ಕೆಂಪನೆಯದು ಬರಲಿಲ್ಲ. 5 ಆಯಿತು, 6 ಆಯಿತು. ಅಮ್ಮ ಐದೈದು ನಿಮಿಷಕ್ಕೆ ಬಾಗಿಲು ತೆಗೆದು ಕಾರಿಡಾರ್ ನೋಡೋದು, ಮುಚ್ಚೋದು. ನಾವು ಮೇಜು ಬುಕ್ ಮಾಡಿದ್ದು 7:30ಕ್ಕೆ. ಫೋನ್ ಮಾಡಿದರೆ ಕೆಳಗಿನ ಡೆಕ್ಕಿನ ಒಂದು ರೂಮಿಗೆ ಬನ್ನಿ ಅಂದರು. ಹೋದೆ. ಕಿಟಕಿಯಿಲ್ಲದ ರೂಮು, ಮುಂದೆ ಉದ್ದ ಸಾಲು. ನನ್ನ ಮುಂದಿದ್ದವರು ಇಸ್ತ್ರಿ ಪೆಟ್ಟಿಗೆ ತಂದು ಸಿಕ್ಕಿಬಿದ್ದವರು. ಅವರ ಮುಂದೆ ಒಂದು ಕುಟುಂಬ, ಎಲೆಕ್ಟ್ರಿಕ್ ಕೆಟಲ್ ಜೊತೆ ಪುಟ್ಟ ರೈಸ್ ಕುಕ್ಕರ್. ಹೆಚ್ಚಿನವರು ನಮ್ಮ ದೇಶದವರೇ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ನನ್ನ ಸರದಿ ಬರುವಾಗ 7:15. ಆಫೀಸರ್ ನನ್ನ ಮುಂದೆಯೇ ಸೂಟ್‌ಕೇಸ್ ತೆಗೆಸಿದರು. ಪಂಚೆ ಬಿಚ್ಚಿದರು. ನಾಸಿಕ್ ಬಾಟಲಿಗೆ ನಂಬರ್ ಚೀಟಿ ಅಂಟಿಸಿ, ಕೊನೆಯ ದಿನ ವಾಪಸ್ ಕೊಡುತ್ತೇವೆ ಅಂದರು. ಆಮೇಲೆ ದೊಡ್ಡಮ್ಮನ ಬಾಟಲಿ ಹೊರಗೆ ಬಂತು. ಅದು ಹಳೆಯ ಸ್ಕ್ವಾಷ್ ಬಾಟಲಿ. ಬಾಯಿಗೆ ಮೇಣದಬತ್ತಿ ಕರಗಿಸಿ ಸುರಿದಿದ್ದಾರೆ. ಹೊಟ್ಟೆಯ ಮೇಲೆ ಪ್ಲಾಸ್ಟರ್ ಪಟ್ಟಿ, ಅದರ ಮೇಲೆ ನೀಲಿ ಪೆನ್ನಿನಲ್ಲಿ ‘ಪ್ಯಾಷನ್, ದೀಪಾವಳಿ’ ಅಂತ ಕನ್ನಡದಲ್ಲಿ. ಇದೇನು ಅಂತ ಕೇಳಿದರು. ವೈನ್ ಅಂದೆ. ಯಾವ ಕಂಪನಿ? ದೊಡ್ಡಮ್ಮ ಅಂತ ಹೇಳಲಾಗುತ್ತದೆಯೇ? ಜ್ಯೂಸ್ ಅಂದುಬಿಡಲೇ ಅಂತ ಒಂದು ಗಳಿಗೆ ಅನ್ನಿಸಿದ್ದು ನಿಜ. ಅಂಗಡಿಯ ಸೀಲ್, ಲೇಬಲ್ ಇಲ್ಲದ್ದನ್ನು ಇಟ್ಟುಕೊಳ್ಳಲೂ ಆಗುವುದಿಲ್ಲ, ವಾಪಸ್ ಕೊಡಲೂ ಆಗುವುದಿಲ್ಲ ಅಂದರು. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಮೇಣ ಒಡೆದು ಮೂಲೆಯ ಸಿಂಕಿಗೆ ಸುರಿದರು. ಹಳದಿ ಬಣ್ಣ, ಸಣ್ಣಗೆ ನೊರೆ. ಆ ಕಬ್ಬಿಣದ ರೂಮಿನ ತುಂಬಾ ದೊಡ್ಡಮ್ಮನ ಅಟ್ಟದ ವಾಸನೆ. ಸಾಲಿನಲ್ಲಿದ್ದ ಕೆಟಲ್ ಹೆಂಗಸು ‘ಹಾಲಿಡೇಸಿಗೆ ಬಂದು ಪಾಪ’ ಅಂದರು. ಕನ್ನಡದಲ್ಲೇ!

ಸೂಟ್‌ಕೇಸ್ ಎಳೆದುಕೊಂಡು ಮೇಲೆ ಬರುವಾಗ 8 ಆಗಿತ್ತು. ಅಮ್ಮ ಕಾಯಲಿಲ್ಲ. ಬೆಂಗಳೂರಿನಿಂದ ಉಟ್ಟು ಬಂದಿದ್ದ ಕಾಟನ್ ಸೀರೆಯಲ್ಲೇ ಊಟಕ್ಕೆ ಹೋಗಿದ್ದರು. ಅವತ್ತು ಎಲ್ಲರೂ ಕೋಟು, ಗೌನು ಹಾಕಿಕೊಂಡು ಬರುವ ರಾತ್ರಿ. ಹಡಗಿನ ಫೋಟೋದವನು ಅದೇ ಸೀರೆಯಲ್ಲಿ ಅಪ್ಪ-ಅಮ್ಮನ ಫೋಟೋ ಹೊಡೆದ. ಅದು ಈಗ ನಮ್ಮ ಹಾಲಿನ ಗೋಡೆಯ ಮೇಲಿದೆ. ಅಮ್ಮ ನನಗೆ ಇವತ್ತಿಗೂ ಒಂದು ಮಾತೂ ಅಂದಿಲ್ಲ. ಮನೆಗೆ ಬಂದವರಿಗೆಲ್ಲ ಮಾತ್ರ ಪೂರ್ತಿ ಕತೆ ಹೇಳುತ್ತಾರೆ.

ಈಗ ಡ್ಯೂಟಿ ಫ್ರೀ ಬಾಟಲಿಗೆ ಬರೋಣ. ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದು ಲಗೇಜ್ ಬೆಲ್ಟಿನ ಕಡೆ ಬಂದರೆ ಅಂಗಡಿ ಎದುರಿಗೇ ಇದೆ. ಬೆಂಗಳೂರಿನ ಟರ್ಮಿನಲ್ 2ರಲ್ಲಿ ಹತ್ತುವಾಗಲೂ ತಗೊಳ್ಳಬಹುದು. ಆದರೆ ನಡುವೆ ವಿಮಾನ ಬದಲಿಸುವುದಿದ್ದರೆ ಮತ್ತೊಂದು ತಪಾಸಣೆ, ಮತ್ತೊಂದು ತಲೆನೋವು. ಇಳಿದ ಮೇಲೆ ತಗೊಳ್ಳೋದೇ ವಾಸಿ. ಸಿಂಗಾಪುರದಲ್ಲಿ 18 ದಾಟಿದ ಒಬ್ಬರಿಗೆ ಒಟ್ಟು 2 ಲೀಟರ್ ಸುಂಕವಿಲ್ಲದೆ ಬಿಡುತ್ತಾರೆ, ಬೇಕಾದರೆ ಅಷ್ಟೂ ವೈನೇ ಆಗಬಹುದು. 48 ಗಂಟೆಯಾದರೂ ಸಿಂಗಾಪುರದ ಹೊರಗಿದ್ದಿರಬೇಕು, ಮಲೇಷ್ಯಾದಿಂದ ಬಂದಿರಬಾರದು. ಆಲ್ದೂರಿನಿಂದ ಬಂದ ನಮಗೆ ಎರಡೂ ಸಲೀಸು. ನಾನು ತಗೊಂಡದ್ದು ದೊಡ್ಡ ಹೆಸರಿನದೇನಲ್ಲ, ಒಂದು ಬ್ರೂಟ್, ಅಂದರೆ ಸಿಹಿ ಕಡಿಮೆ ಇರುವ ಶಾಂಪೇನ್. ನಮ್ಮ ದುಡ್ಡಿನಲ್ಲಿ 5 ಸಾವಿರದ ಹತ್ತಿರ. ಹಡಗು ಹತ್ತುವಾಗ ಕೈಯಲ್ಲಿದ್ದ ಈ ಬಾಟಲಿಯನ್ನು ನೋಡಿ ಅಲ್ಲಿಯವನು ತಲೆ ಆಡಿಸಿದ, ಅಷ್ಟೇ. ನನಗೆ ಆಗಲೇ ಹೊಳೆಯಬೇಕಿತ್ತು, ಮಿಕ್ಕೆರಡು ಎಲ್ಲಿವೆ ಅಂತ.

ಕಾರ್ಕೇಜ್ ವಿಷಯ. ನಮ್ಮ ಹಡಗಿನಲ್ಲಿ ಊಟದ ಹಾಲಿಗೆ ಒಯ್ದರೆ ಬಾಟಲಿಗೆ 20 ಅಮೆರಿಕನ್ ಡಾಲರ್, ರೂಮಿನಲ್ಲೇ ಕುಡಿದರೆ ಏನೂ ಇಲ್ಲ. ನಮಗೆ ಬಾಲ್ಕನಿ ಇತ್ತು. ಊಟ ಮುಗಿಸಿ ಬಂದು ಅಲ್ಲೇ ಕೂತೆವು.

ಒಂದು ಕಿವಿಮಾತು. ರೂಮಿನ ಪುಟ್ಟ ಫ್ರಿಜ್ಜನ್ನು ನಂಬಬೇಡಿ, ಅದು ಸುಮ್ನೆ ಹೆಸರಿಗೆ ತಣ್ಣಗಿರುತ್ತದೆ. ರೂಮಿನ ಹುಡುಗನಿಗೆ ಹೇಳಿ ಬಕೆಟ್ಟಿನಲ್ಲಿ ಐಸ್ ತರಿಸಿ, ಅದಕ್ಕೆ ನೀರನ್ನೂ ಹಾಕಿ ಬಾಟಲಿಯನ್ನು ಕತ್ತಿನವರೆಗೆ ಅರ್ಧ ಗಂಟೆ ಮುಳುಗಿಸಿ. ಬಿಸಿ ಇದ್ದಾಗ ತೆಗೆದರೆ ಅರ್ಧ ವೈನ್ ಸಮುದ್ರಕ್ಕೇ. ನಮ್ಮ ಜೀಪಿನ ಟಯರಿಗೆ 30 ಪೌಂಡ್ ಗಾಳಿ ಹೊಡೆಸುತ್ತೇವಲ್ಲ, ಶಾಂಪೇನ್ ಬಾಟಲಿಯೊಳಗೆ ಅದರ ಮೂರರಷ್ಟು ಒತ್ತಡ ಇರುತ್ತದೆ. ಇದನ್ನು ಹೇಳಿದ್ದಕ್ಕೆ ಅಪ್ಪ ತಾನೇ ತೆಗೆಯುತ್ತೇನೆ ಅಂದರು. ತಂತಿಯನ್ನು ಆರು ಅರ್ಧಸುತ್ತು ಬಿಚ್ಚಿ, ಹೆಬ್ಬೆರಳನ್ನು ಕಾರ್ಕಿನ ಮೇಲೆ ಒತ್ತಿ ಹಿಡಿದು, ಕಾರ್ಕನ್ನು ಬಿಟ್ಟು ಬಾಟಲಿಯನ್ನು ಮೆಲ್ಲಗೆ ತಿರುಗಿಸಿದರು. ಸಿನಿಮಾದಲ್ಲಿ ಆಗುವಂತೆ ಢಬ್ ಅನ್ನಲಿಲ್ಲ. ‘ಉಸ್’ ಅಂತ ಒಂದು ನಿಟ್ಟುಸಿರು. ಕಾರ್ಕ್‌ಸ್ಕ್ರೂ ಬೇಡದೆ ಇರೋದು ಇದರ ಇನ್ನೊಂದು ಲಾಭ.

ಅಪ್ಪ ಮೂಸಿ ನೋಡಿ ‘ಪಲ್ಪರ್ ತೊಟ್ಟಿ ಮೊದಲ ರಾತ್ರಿ ಹಿಂಗೇ ಇರ್ತದೆ’ ಅಂದರು. ಸಿಪ್ಪೆ ಸುಲಿದ ಕಾಫಿಯನ್ನು ಹುಳಿಯಲು ಬಿಡುವ ತೊಟ್ಟಿ ಅದು, ಅಪ್ಪ ಅಂದದ್ದು ತಪ್ಪೇನಲ್ಲ. ಇದೂ ಈಸ್ಟಿನ ಜೊತೆ ಬಾಟಲಿಯೊಳಗೇ ಎರಡನೇ ಸಲ ಹುಳಿಯುವಂಥದ್ದು, ಮಾಮೂಲಿ ಶಾಂಪೇನ್ ಆದರೂ 15 ತಿಂಗಳು ಇಟ್ಟ ಮೇಲೇ ಮಾರಾಟಕ್ಕೆ ಬಿಡೋದು. ಅಮ್ಮ ಒಂದು ಗುಟುಕು ತಗೊಂಡು, ಗೋಲಿ ಸೋಡಾಕ್ಕೆ ಗಜನಿಂಬೆ ಹಿಂಡಿದ ಹಾಗಿದೆ ಅಂದರು. ಆಮೇಲೆ ಯಾರೂ ಹೇಳದೆ ಲೋಟ ಖಾಲಿ ಮಾಡಿದರು.

ಹಡಗಿನ ಬಾರಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅದೇ ಥರದ ಶಾಂಪೇನ್ ಅಲ್ಲಿ 120 ಡಾಲರ್, ಮೇಲೆ ಶೇ. 18 ಸರ್ವೀಸ್ ಚಾರ್ಜ್. ನಮ್ಮ ದುಡ್ಡಿನಲ್ಲಿ 12 ಸಾವಿರ ದಾಟುತ್ತದೆ. ಬಿಲ್ಲಿನ ಕೆಳಗೆ ಟಿಪ್ಸ್ ಅಂತ ಇನ್ನೊಂದು ಖಾಲಿ ಗೆರೆ ಬೇರೆ. ಎರಡನೇ ದಿನ ನಾವಿಬ್ಬರು ತಲಾ ಒಂದು ಗ್ಲಾಸ್ ಸ್ಪಾರ್ಕ್ಲಿಂಗ್ ತಗೊಂಡೆವು, 33 ಡಾಲರ್ ಆಯಿತು. ಗ್ಲಾಸು ಚೆನ್ನಾಗಿತ್ತು.

ದಿನಕ್ಕಿಷ್ಟು ಅಂತ ಮೊದಲೇ ಕಟ್ಟಿ ಕುಡಿಯುವ ಡ್ರಿಂಕ್ಸ್ ಪ್ಯಾಕೇಜ್? ಒಂದು ರೂಮಿನಲ್ಲಿ ಒಬ್ಬರು ತಗೊಂಡರೆ ಇನ್ನೊಬ್ಬರೂ ತಗೋಬೇಕು, ಅದೂ ಪ್ರತಿದಿನಕ್ಕೆ. ಅಮ್ಮನ ಹೆಸರಿನಲ್ಲಿ ಆ ದುಡ್ಡು ಕಟ್ಟೋದು, ಮಳೆಗಾಲದಲ್ಲಿ ಸ್ಪ್ರಿಂಕ್ಲರ್ ಬಾಡಿಗೆಗೆ ತಂದ ಹಾಗೆ.

ಲಂಗ್ಕಾವಿ ದ್ವೀಪಕ್ಕೆ ಸುಂಕವಿಲ್ಲ, ಅಗ್ಗ ಅಂತ ಗಂಡ ಒಂದು ರೆಡ್ ವೈನ್ ತಂದ. ವಾಪಸ್ ಹತ್ತುವಾಗ ಹಡಗಿನವರು ಅದನ್ನು ತೆಗೆದಿಟ್ಟುಕೊಂಡು ರಸೀದಿ ಕೊಟ್ಟರು. ಕೊನೆಯ ರಾತ್ರಿ ಬಾಟಲಿ ಕೈಗೆ ಬಂತು, ಅಂದರೆ ಹಡಗಿನಲ್ಲಿ ಕುಡಿಯೋಕೆ ಅಲ್ಲ, ಹೊತ್ತುಕೊಂಡು ಇಳಿಯೋಕೆ. ಇಳಿದದ್ದು ಸಿಂಗಾಪುರದಲ್ಲಿ, ಬಂದದ್ದು ಮಲೇಷ್ಯಾದಿಂದ. ಹಾಗಾಗಿ ಹೋಗುವಾಗ ಸಿಕ್ಕ 2 ಲೀಟರಿನ ವಿನಾಯಿತಿ ಈಗ ಇಲ್ಲ. ಅಲ್ಲಿ ಸುಂಕ ಬಾಟಲಿಗಲ್ಲ, ಅದರೊಳಗಿನ ಶುದ್ಧ ಮದ್ಯಕ್ಕೆ, ಲೀಟರಿಗೆ 88 ಸಿಂಗಾಪುರ ಡಾಲರ್. ಶೇ. 12ರ ಮುಕ್ಕಾಲು ಲೀಟರ್ ವೈನಿಗೆ 8 ಡಾಲರಿನ ಹತ್ತಿರ, ಮೇಲೆ ಶೇ. 9 ಜಿಎಸ್‌ಟಿ. ದೊಡ್ಡ ಮೊತ್ತ ಅಲ್ಲ, ಆದರೆ ಉಳಿಸಿದ್ದೂ ಅಷ್ಟೇ ಇತ್ತು. ಬೆಳಿಗ್ಗೆ ಬೆಳಿಗ್ಗೆ ಕ್ಯೂ ನಿಂತಿದ್ದು ಲಾಭ.

ನಮ್ಮದು ವರ್ಷಕ್ಕೆ ಎರಡು ಸಲ, ಮದುವೆಗೋ ಕ್ಲಬ್ಬಿನ ಡೇಗೋ, ಒಂದೊಂದು ಗ್ಲಾಸ್ ಕುಡಿಯುವ ಮನೆ. ಕಾಫಿ ರೇಟ್ ಚೆನ್ನಾಗಿದ್ದ ವರ್ಷ ಬೇರೆ, ಆದರೂ ಒಂದು ಬಾಟಲಿಗೆ 12 ಸಾವಿರ ಕೊಡೋಕೆ ಕೈ ಬರುವುದಿಲ್ಲ. ನಮ್ಮಂಥವರಿಗೆ ಡ್ಯೂಟಿ ಫ್ರೀ ಬಾಟಲಿ, ಬಾಲ್ಕನಿ, ಐಸ್ ಬಕೆಟ್ ಸಾಕು. ದಿನಾ ಐದಾರು ಡ್ರಿಂಕ್ಸ್ ತಗೊಳ್ಳುವ ಜೋಡಿ ಆದರೆ ಪ್ಯಾಕೇಜ್ ಲೆಕ್ಕಕ್ಕೆ ಬರಬಹುದು. ಬಾಲ್ಕನಿ ಇಲ್ಲದ ಒಳಗಿನ ರೂಮಾದರೆ 20 ಡಾಲರ್ ಕಾರ್ಕೇಜ್ ಕೊಟ್ಟು ಊಟದ ಮೇಜಿನಲ್ಲೇ ತೆಗೆಸಿ, ಆಗಲೂ ಹಡಗಿನದಕ್ಕಿಂತ ಅಗ್ಗ.

ನಾಸಿಕ್ ಬಾಟಲಿ ಹೇಳಿದ ಹಾಗೆ ಕೊನೆಯ ದಿನ ವಾಪಸ್ ಬಂತು. ಚಿಕ್ಕಮಗಳೂರಿನಿಂದ ಹೊರಟು, ಸಿಂಗಾಪುರ, ಪೆನಾಂಗ್, ಲಂಗ್ಕಾವಿ ಸುತ್ತಿ, ಅದೇ ಪಂಚೆಯಲ್ಲಿ ಮನೆಗೆ ಬಂತು. ಮುಂಗಾರಿನ ಮೊದಲ ವಾರ ಕಡುಬು, ಕೋಳಿ ಸಾರಿನ ಜೊತೆ ತೆಗೆದೆವು. ನಿಜ ಹೇಳಬೇಕೆಂದರೆ ಶಾಂಪೇನಿಗೂ ಅದಕ್ಕೂ ರೇಟಿನಲ್ಲಿ ಇರುವಷ್ಟು ವ್ಯತ್ಯಾಸ ನಾಲಿಗೆಗೆ ಗೊತ್ತಾಗಲಿಲ್ಲ. ಕಡುಬಿಗೆ ಅದೇ ಸರಿ ಅಂದರು ಅಪ್ಪ.

ಅವತ್ತು ದೊಡ್ಡಮ್ಮನೂ ಬಂದಿದ್ದರು. ಹಡಗಿನಲ್ಲಿ ನನ್ನ ವೈನ್ ಹೆಂಗಿತ್ತು ಅಂತ ಕೇಳಿದರು. ಅಮ್ಮ ನನ್ನ ಮುಖ ನೋಡಿದರು. ಹಡಗಿನ ಆಫೀಸರ್ ಕೂಡ ಬಾಟಲಿ ಖಾಲಿ ಮಾಡಿದರು ಅಂದೆ. ಈಗ ಅವರಿಗೆ ಅಂತ ಇನ್ನೊಂದು ಭರಣಿ ಇಟ್ಟಿದ್ದಾರಂತೆ.