ಟಂಗ್‌ಸ್ಟನ್ ಕ್ಯೂಬ್, 1 ಇಂಚು: ತೂಕ ಹಾಕಿಸಿದ ಮೇಲೆ ಬರೀತಿದೀನಿ, 3 ಸ್ಟಾರ್

ದಾವಣಗೆರೆಲಿ ಪಿಯುಸಿ ಹುಡುಗ್ರಿಗೆ ಫಿಸಿಕ್ಸ್ ಟ್ಯೂಷನ್ ಹೇಳ್ತೀನಿ, ಸಾಂದ್ರತೆ ಅಂದ್ರೆ ಏನು ಅಂತ ಕೈಗೇ ಕೊಟ್ಟು ತೋರಿಸ್ಬೇಕು ಅಂತ ಆನ್‌ಲೈನಲ್ಲಿ ಇದನ್ನ ತರಿಸ್ದೆ. ಡಬ್ಬಿಯಿಂದ ಎತ್ತಿದ ಕೂಡ್ಲೆ ಕೈ ಕೆಳಕ್ಕೆ ಜಗ್ತು, ಪಕ್ಕದಲ್ಲಿ ಅಷ್ಟೇ ಸೈಜಿನ ಕಬ್ಬಿಣ ಇಟ್ಕಂಡ್ರೆ ಅದು ಮರದ ತುಂಡಿನಂಗೆ ಅನ್ಸುತ್ತೆ. ಪಾಲಿಶ್ ಚೆನ್ನಾಗೈತೆ.

ಆದ್ರೆ 99.95 ಪರ್ಸೆಂಟ್ ಶುದ್ಧ ಅಂತ ಹಾಕಿದ್ರಲ್ಲ, ಅದು ಸುಳ್ಳು. ಮಂಡಿಪೇಟೆಲಿ ಪರಿಚಯದ ಬಂಗಾರದಂಗಡಿ ತಕ್ಕಡಿಲಿ ಇಟ್ರೆ 289 ಗ್ರಾಂ. ಒಂದು ಇಂಚಿನ ಘನ ಅಂದ್ರೆ 16.39 ಸಿಸಿ, ಶುದ್ಧ ಟಂಗ್‌ಸ್ಟನ್ ಸಾಂದ್ರತೆ ಸಿಸಿಗೆ 19.25 ಗ್ರಾಂ, ಹಂಗಾಗಿ 315 ಗ್ರಾಂ ಬರ್ಬೇಕಿತ್ತು, ನನ್ನ ಕ್ಯೂಬಿನ ಸಾಂದ್ರತೆ 17.6 ಅಷ್ಟೇ. (ಬಂಗಾರ 19.3, ಅದಕ್ಕೇ ಗಟ್ಟಿ ಒಳಗೆ ಟಂಗ್‌ಸ್ಟನ್ ತುಂಬಿ ಮೋಸ ಮಾಡ್ತಾರೆ ಅಂತ ಅಂಗಡಿಯಣ್ಣ ಹೇಳಿದ್ರು.) ಮ್ಯಾಗ್ನೆಟ್ ಹಿಡಿದ್ರೆ ಮೆಲ್ಲಗೆ ಎಳೀತು, ಅಂದ್ರೆ ನಿಕ್ಕಲ್, ಕಬ್ಬಿಣ ಸೇರ್ಸಿರೋ ಮಾಲು. ಮಾರಿದೋರಿಗೆ ಮೆಸೇಜ್ ಹಾಕಿದ್ರೆ ಉತ್ತರಾನೇ ಇಲ್ಲ.

ಆದ್ರೂ ವಾಪಸ್ ಕಳಿಸ್ಲಿಲ್ಲ, ಯಾಕಂದ್ರೆ ಟ್ಯಾಂಕಿನ ಉಕ್ಕು ತೂರೋ ಗುಂಡಿನೊಳಗಿನ ಸಲಾಕೆನ ಇಂಥ ಮಿಶ್ರಲೋಹದಲ್ಲೇ ಮಾಡೋದು, ನಮ್ಮ ದೇಶದ್ದು ತಿರುಚಿರಾಪಳ್ಳಿಲಿ ತಯಾರಾಗುತ್ತೆ. ಇದನ್ನ ಹೇಳಿದ ದಿನ ಹುಡುಗ್ರು ಒಂದೇ ಸಮ ಪ್ರಶ್ನೆ, ಅಮೆರಿಕದವ್ರು 1991ರ ಗಲ್ಫ್ ಯುದ್ಧದಲ್ಲಿ ಯುರೇನಿಯಂ ಸಲಾಕೆ ಹಾಕಿದ್ರಂತಲ್ಲ ಸರ್, ಅದು ಇದಕ್ಕಿಂತ ಭಾರನಾ ಅಂತ. ಶುದ್ಧ ಟಂಗ್‌ಸ್ಟನ್ನಿಗೆ ಹೋಲಿಸಿದ್ರೆ ಭಾರ ಏನಿಲ್ಲ, ಯುರೇನಿಯಂ 19.1 ಅಷ್ಟೆ. ವ್ಯತ್ಯಾಸ ಇರೋದು ಬಡಿದಾಗ. ಸುತ್ತಿಗೆ ಏಟು ತಿಂದು ತಿಂದು ಚಾಣದ ತಲೆ ಅಗಲ ಆಗುತ್ತಲ್ಲ, ಟಂಗ್‌ಸ್ಟನ್ ಸಲಾಕೆ ಮೂತಿ ಹಂಗೆ ಹರಡ್ಕಳುತ್ತೆ, ಯುರೇನಿಯಂದು ಅಂಚು ಸೀಳಿ ಉದುರಿ ಉದುರಿ ಮೂತಿ ಚೂಪಾಗೇ ಉಳಿಯುತ್ತೆ, ಉದುರಿದ ಪುಡಿ ಗಾಳಿಗೆ ಹೊತ್ಕಂಡು ಉರಿಯುತ್ತೆ. ಮೇಲಾಗಿ ಅಣು ಇಂಧನಕ್ಕೆ ಅಂತ ಯುರೇನಿಯಂನಿಂದ ಯು-235 ಅನ್ನೋ ಬಗೆನ ತೆಗೆದ ಮೇಲೆ ಮಿಕ್ಕಿರೋ ಮಾಲು ಅದು, ಅಗ್ಗ. ಆದ್ರೆ ಆ ಪುಡಿ ಉಸಿರಲ್ಲಿ ಒಳಗೆ ಹೋದ್ರೆ ಕಿಡ್ನಿಗೆ ವಿಷ, ಯುದ್ಧ ಮುಗಿದ ಮೇಲೂ ಆ ಮಣ್ಣಲ್ಲೇ ಬಿದ್ದಿರುತ್ತೆ. ಇದನ್ನ ಹೇಳದೆ ಬರೀ ಚೂಪು ಮೂತಿ ಕಥೆ ಹೇಳೋಕೆ ನಂಗೆ ಮನಸ್ಸಾಗ್ಲಿಲ್ಲ.

ಪಾಠಕ್ಕೆ ಧಾರಾಳವಾಗಿ ತಗಳಿ. ಶುದ್ಧದ್ದೇ ಬೇಕು ಅನ್ನೋರು ಬಂದ ದಿನವೇ ತೂಕ ಹಾಕಿಸಿ, ವಾಪಸ್ ಕಳಿಸೋ ಟೈಮ್ ಏಳೇ ದಿನ ಕೊಟ್ಟಿದ್ರು.