ಎಸ್‌ಎಚ್‌ಎ-256 ಬಳಸಿದ್ದೇವೆ ಎಂದು ನಿಶ್ಚಿಂತರಾಗಿರುವವರಿಗೆ

ಗುಪ್ತ ಕೀಲಿಯನ್ನು ಸಂದೇಶದ ಮುಂದೆ ಅಂಟಿಸಿ, ಎರಡಕ್ಕೂ ಸೇರಿಸಿ ಎಸ್‌ಎಚ್‌ಎ-256 ಹ್ಯಾಶ್ (ಯಾವುದೇ ಪಠ್ಯದಿಂದ ಲೆಕ್ಕ ಹಾಕಿ ತೆಗೆಯುವ ನಿಗದಿತ ಉದ್ದದ ಗುರುತು) ತೆಗೆದು, ಅದನ್ನೇ ಸಹಿಯೆಂದು ನಂಬುವ ಕೋಡ್ ನಿಮ್ಮಲ್ಲಿ ಎಲ್ಲಾದರೂ ಉಳಿದಿದ್ದರೆ ದಯವಿಟ್ಟು ಅದನ್ನು ತೆಗೆದುಹಾಕಿ. ಅಂಥ ಕೋಡ್ ಬರೆದವನು ನಾನೇ. ಅದರಿಂದ ಒಬ್ಬ ಸಗಟು ವ್ಯಾಪಾರಿಗೆ ನಷ್ಟವಾಯಿತು, ಏನೂ ತಪ್ಪು ಮಾಡದ ಹುಡುಗನೊಬ್ಬನ ಮೇಲೆ ಅನುಮಾನ ಬಂತು.

ದಾವಣಗೆರೆಯ ಅಡುಗೆ ಎಣ್ಣೆ ವ್ಯಾಪಾರಿಯೊಬ್ಬರಿಗೆ ಆರ್ಡರ್ ಖಚಿತಪಡಿಸುವ ಸಣ್ಣ ವ್ಯವಸ್ಥೆಯೊಂದನ್ನು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡಿಕೊಟ್ಟಿದ್ದೆ. ಅಂಗಡಿಯವರಿಗೆ ವಾಟ್ಸಾಪ್‌ನಲ್ಲಿ ಒಂದು ಲಿಂಕ್ ಹೋಗುತ್ತಿತ್ತು. ಅದರಲ್ಲಿ ಆರ್ಡರ್ ಸಂಖ್ಯೆ, ಡಬ್ಬಿಗಳ ಸಂಖ್ಯೆ, ಶೇಕಡಾ 5ರ ರಿಯಾಯಿತಿ, ಕೊನೆಯಲ್ಲಿ ನಾನು ಹೇಳಿದ ಆ ಸಹಿ. ಲಿಂಕಿನಲ್ಲಿ ಒಂದಕ್ಷರ ಬದಲಾದರೂ ಸಹಿ ತಾಳೆಯಾಗುವುದಿಲ್ಲ ಎಂಬ ಧೈರ್ಯ ನನ್ನದು. 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಹಳೆಯ ಎಸ್‌ಎಚ್‌ಎ-1 ವಿಧಾನದಲ್ಲಿ ಒಂದೇ ಹ್ಯಾಶ್ ಕೊಡುವ ಎರಡು ಬೇರೆ ಪಿಡಿಎಫ್‌ಗಳನ್ನು ತೋರಿಸಿದ್ದನ್ನು ಓದಿದ್ದೆನಾದ್ದರಿಂದ, ಎಸ್‌ಎಚ್‌ಎ-256 ಆರಿಸಿಕೊಂಡದ್ದಕ್ಕೆ ಸ್ವಲ್ಪ ಹೆಮ್ಮೆಯೂ ಇತ್ತು.

ತಿಂಗಳ ಕೊನೆಯಲ್ಲಿ ಅಲ್ಲಿಯ ಲೆಕ್ಕ ಬರೆಯುವವರು ಫೋನ್ ಮಾಡಿ, "ಸರ್, ಹನ್ನೊಂದು ಬಿಲ್ಲಿಗೆ ಅರವತ್ತು ಪರ್ಸೆಂಟ್ ಡಿಸ್ಕೌಂಟ್ ಬಿದ್ದಿದೆ, ಸಾಹುಕಾರರು ಕೊಟ್ಟಿಲ್ಲ ಅಂತಾರೆ" ಎಂದರು. ಎಲ್ಲ ಬಿಲ್ಲುಗಳ ಸಹಿಯೂ ಸರಿಯಾಗಿತ್ತು. ಹಾಗಾದರೆ ಕೀಲಿ ಸೋರಿರಬೇಕು ಎಂದು ತೀರ್ಮಾನಿಸಿದೆ. ಕೀಲಿ ಗೊತ್ತಿದ್ದವರು ಇಬ್ಬರೇ: ನಾನು ಮತ್ತು ಹಿಂದಿನ ತಿಂಗಳು ಕೆಲಸ ಬಿಟ್ಟಿದ್ದ ನನ್ನ ಸಹಾಯಕ ಹುಡುಗ. ಅವನ ಹೆಸರನ್ನು ವ್ಯಾಪಾರಿಯ ಎದುರು ಹೇಳಿಯೂಬಿಟ್ಟೆ. ಕೀಲಿ ಬದಲಿಸಿದೆ. ಎರಡು ದಿನ ಕಳೆಯುವಷ್ಟರಲ್ಲಿ ಮತ್ತೊಂದು ಬಿಲ್ಲಿಗೆ ಅದೇ ಅರವತ್ತು ಬಿದ್ದಿತ್ತು.

ಆಗ ಸರ್ವರ್‌ಗೆ ಬಂದ ಕೋರಿಕೆಗಳ ದಾಖಲೆಯಾದ ಲಾಗ್ ತೆರೆದು, ಅವನ್ನು ಬೈಟು ಬೈಟಾಗಿ ನೋಡಿದೆ. ರಿಯಾಯಿತಿ 05 ಎಂದಿದ್ದ ಜಾಗದ ನಂತರ %80 (ಲಿಂಕಿನಲ್ಲಿ % ಗುರುತು ಮತ್ತು ಎರಡು ಹೆಕ್ಸ್ ಅಂಕಿ ಸೇರಿದರೆ ಒಂದು ಬೈಟು), ಅದರ ಬೆನ್ನಿಗೆ ಹದಿನೈದು ಸಲ %00, ಆಮೇಲೆ %01%70, ಅದಾದ ಮೇಲೆ ಹೊಸದಾಗಿ ರಿಯಾಯಿತಿ 60. ಹೆಕ್ಸ್‌ನ, ಅಂದರೆ ಹದಿನಾರರ ಆಧಾರದ ಎಣಿಕೆಯ, 0170 ಎಂದರೆ 368 ಬಿಟ್, ಅಂದರೆ 46 ಬೈಟು. ನನ್ನ ಸಂದೇಶ 30 ಬೈಟಿನದು, ಕೀಲಿ 16 ಬೈಟಿನದು. ಮೊದಲ ಖೋಟಾ ಆರ್ಡರಿನ ದಿನ ಇಂಥವೇ ಎಂಟು ಕೋರಿಕೆಗಳು ಬಂದು ತಿರಸ್ಕೃತವಾಗಿದ್ದವು. ಅವುಗಳಲ್ಲಿ ಆ ಸಂಖ್ಯೆ 0130ರಿಂದ ಆರಂಭವಾಗಿ ಎಂಟೆಂಟು ಬಿಟ್ ಏರುತ್ತಾ ಬಂದಿತ್ತು. ಕೀಲಿಯ ಉದ್ದ 8 ಇರಬಹುದೇ, 9 ಇರಬಹುದೇ ಎಂದು ಯಾರೋ ಸಾವಧಾನವಾಗಿ ಊಹಿಸುತ್ತಾ ಒಂಬತ್ತನೆಯ ಯತ್ನದಲ್ಲಿ ಗೆದ್ದಿದ್ದರು. ನಾನು ಬದಲಿಸಿದ ಕೀಲಿಯೂ 16 ಅಕ್ಷರದ್ದೇ ಆಗಿದ್ದರಿಂದ ಎರಡನೆಯ ಬಾರಿ ಊಹೆಯ ಅಗತ್ಯವೂ ಬೀಳಲಿಲ್ಲ. ಹೀಗೆ ಮಾಡಿದವರಿಗೆ ಕೀಲಿ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಅಂದು ಸಂಜೆಯೇ ಹುಡುಗನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ, ವ್ಯಾಪಾರಿಗೂ ನಿಜ ತಿಳಿಸಿದೆ.

ನಡೆದದ್ದು ಇಷ್ಟು. ಎಸ್‌ಎಚ್‌ಎ-256 ಸಂದೇಶವನ್ನು 64 ಬೈಟಿನ ತುಂಡುಗಳಾಗಿ ತೆಗೆದುಕೊಳ್ಳುತ್ತದೆ. ಕೊನೆಯ ತುಂಡನ್ನು ಒಂದು 80, ಕೆಲವು ಸೊನ್ನೆ ಮತ್ತು ಒಟ್ಟು ಉದ್ದದಿಂದ ಭರ್ತಿ ಮಾಡುತ್ತದೆ. ಪ್ರತಿ ತುಂಡಿನ ನಂತರ ಅದರ ಕೈಯಲ್ಲಿ ಉಳಿಯುವುದು 32 ಬೈಟಿನ ಒಂದು ಸ್ಥಿತಿ. ಕೊನೆಯ ಸ್ಥಿತಿಯನ್ನೇ ಅದು ಹ್ಯಾಶ್ ಎಂದು ನಮಗೆ ಕೊಡುತ್ತದೆ. ಖಾತೆ ಪುಸ್ತಕದಲ್ಲಿ ಹಿಂದಿನ ಪುಟಗಳನ್ನು ನೋಡದೆಯೂ, ಮುಂದಕ್ಕೆ ತಂದ ಬಾಕಿಯೊಂದು ಗೊತ್ತಿದ್ದರೆ ಹೊಸ ಪುಟ ಬರೆಯಬಹುದಲ್ಲವೇ, ಹಾಗೆಯೇ ನನ್ನ ಸಹಿಯನ್ನು ಬಾಕಿಯಾಗಿ ಇಟ್ಟುಕೊಂಡು ಅವರು ಲೆಕ್ಕ ಮುಂದುವರಿಸಿದ್ದರು. ಒಂದೇ ಹೆಸರು ಎರಡು ಸಲ ಬಂದರೆ ಪಿಎಚ್‌ಪಿ ಕೊನೆಯದನ್ನೇ ಹಿಡಿಯುವುದರಿಂದ ಅರವತ್ತು ಗೆದ್ದಿತು. ಎಸ್‌ಎಚ್‌ಎ-256 ಎಲ್ಲಿಯೂ ಮುರಿದಿರಲಿಲ್ಲ. ಮುರಿದಿದ್ದು ನನ್ನ ಜೋಡಣೆ.

ಇದು ಹೊಸ ವಿದ್ಯೆಯೇನೂ ಅಲ್ಲ ಎಂಬುದು ಆಮೇಲೆ ತಿಳಿದು ಇನ್ನಷ್ಟು ನಾಚಿಕೆಯಾಯಿತು. 2009ರಲ್ಲಿ ಥಾಯ್ ಡುವಾಂಗ್ ಮತ್ತು ಜೂಲಿಯಾನೊ ರಿಟ್ಸೊ ಎಂಬ ಸಂಶೋಧಕರು ಫೋಟೋ ಹಂಚುವ ತಾಣವಾದ ಫ್ಲಿಕರ್‌ನ ಎಪಿಐ (ಬೇರೆ ಪ್ರೋಗ್ರಾಮ್‌ಗಳು ತಾಣದೊಂದಿಗೆ ವ್ಯವಹರಿಸುವ ದಾರಿ) ಸಹಿಯಲ್ಲಿ ಇದೇ ದೋಷವನ್ನು ತೋರಿಸಿದ್ದರು. ಅಲ್ಲಿ ಹ್ಯಾಶ್ ಎಂಡಿ5 ಎಂಬ ಇನ್ನೊಂದು ವಿಧಾನದ್ದಾಗಿತ್ತು, ಅಷ್ಟೇ ವ್ಯತ್ಯಾಸ. ಮದ್ದು ಅದಕ್ಕಿಂತಲೂ ಹಳೆಯದು. ಬೆಲ್ಲಾರೆ, ಕ್ಯಾನೆಟ್ಟಿ ಮತ್ತು ಕ್ರಾವ್‌ಚಿಕ್ 1996ರಲ್ಲಿ ಪ್ರಕಟಿಸಿದ ಎಚ್‌ಮ್ಯಾಕ್ ವಿಧಾನವು ಕೀಲಿಯನ್ನು ಎರಡು ಬಗೆಯಲ್ಲಿ ಬೆರೆಸಿ ಎರಡು ಸಲ ಹ್ಯಾಶ್ ಮಾಡುವುದರಿಂದ, ಒಳಗಿನ ಸ್ಥಿತಿ ಹೊರಗಿನವರ ಕೈಗೆ ಸಿಗುವುದೇ ಇಲ್ಲ. ಕೀಲಿಯನ್ನು ಮುಂದಿನ ಬದಲು ಹಿಂದೆ ಅಂಟಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಆಗ ಈ ದಾಳಿ ನಿಲ್ಲುತ್ತದೆ, ಆದರೆ ಒಂದೇ ಹ್ಯಾಶ್ ಬರುವ ಎರಡು ಸಂದೇಶ ಯಾರಿಗಾದರೂ ಸಿಕ್ಕರೆ ಒಂದರ ಸಹಿ ಇನ್ನೊಂದಕ್ಕೂ ಸಲ್ಲುತ್ತದೆ. ಹೊಸ ತಲೆಮಾರಿನ ಹ್ಯಾಶ್ ವಿಧಾನವಾದ ಎಸ್‌ಎಚ್‌ಎ-3ರ ರಚನೆಯೇ ಬೇರೆಯಾದ್ದರಿಂದ ಅದಕ್ಕೆ ಈ ಕಾಟವಿಲ್ಲ. ಆದರೂ ಸ್ವಂತ ಪಾಕ ಮಾಡುವ ಬದಲು ಭಾಷೆಯಲ್ಲೇ ಇರುವ ಎಚ್‌ಮ್ಯಾಕ್ ಫಂಕ್ಷನ್ ಕರೆಯುವುದು ಒಂದೇ ಸಾಲಿನ ಕೆಲಸ.

ಸರಿಪಡಿಸುವಾಗ ಇನ್ನೊಂದು ಹಳ್ಳ ಕಣ್ಣಿಗೆ ಬಿತ್ತು. ಸಹಿಗಳನ್ನು ನಾನು ಎರಡು ಸಮಚಿಹ್ನೆಗಳಿಂದ ಹೋಲಿಸಿದ್ದೆ. ಪಿಎಚ್‌ಪಿಯಲ್ಲಿ ಸೊನ್ನೆ ಮತ್ತು 'ಇ' ಅಕ್ಷರದಿಂದ ಆರಂಭವಾಗಿ ಉಳಿದುದೆಲ್ಲ ಅಂಕಿಗಳೇ ಆಗಿರುವ ಎರಡು ಬೇರೆ ಬೇರೆ ಸ್ಟ್ರಿಂಗ್‌ಗಳನ್ನು ಆ ಹೋಲಿಕೆ ಸಮವೆಂದು ಒಪ್ಪಿಬಿಡುತ್ತದೆ. ಅದರ ಜಾಗಕ್ಕೆ, ಹೋಲಿಸಲು ಹಿಡಿದ ಸಮಯದಿಂದಲೂ ಏನೂ ಬಿಟ್ಟುಕೊಡದ ಸ್ಥಿರಕಾಲದ ಹೋಲಿಕೆಯನ್ನು ತಂದೆ. ಒಂದೇ ಹೆಸರು ಎರಡು ಸಲ ಬಂದ ಕೋರಿಕೆಯನ್ನು ನೇರವಾಗಿ ತಿರಸ್ಕರಿಸಿದೆ, ಲಿಂಕಿಗೆ ಅವಧಿ ಹಾಕಿದೆ.

ಹಳೆಯ ಲಿಂಕುಗಳೆಲ್ಲ ರದ್ದಾದ್ದರಿಂದ ಲೆಕ್ಕ ಬರೆಯುವವರು ಒಂದು ಇಡೀ ಮಧ್ಯಾಹ್ನ ಅಂಗಡಿ ಅಂಗಡಿಗೆ ಫೋನ್ ಮಾಡಬೇಕಾಯಿತು. ಕೈವಾಡ ಯಾರದೆಂಬುದನ್ನು ವ್ಯಾಪಾರಿ ತಮ್ಮತಮ್ಮಲ್ಲೇ ಬಗೆಹರಿಸಿಕೊಂಡರು, ನನಗೆ ಹೇಳಲಿಲ್ಲ. ಮುಂದಿನ ವಾರ %80 ಇರುವ ಐದು ಕೋರಿಕೆಗಳು ಬಂದು ತಿರಸ್ಕೃತವಾದವು, ಆಮೇಲೆ ಬರಲಿಲ್ಲ.